ಅತ್ತೆಗೆ ಗರ್ಭಕೋಶ ಜಾರಿದೆ, ಆಪರೇಷನ್ ಇಲ್ಲದೆ ದಾರಿ ಇದೆಯಾ?

ಮೂಡಿಗೆರೆ ಸೊಸೆ:
ನಮ್ಮತ್ತೆಗೆ 74. ಐದು ಹೆರಿಗೆ, ಐದೂ ಮನೇಲೇ. ಬಚ್ಚಲುಮನೆ ಹಿಂದೆ ದಿನಾ ಹಳೇ ಸೀರೆ ತುಂಡು ಒಣಗೋದು ನೋಡಿ ಕೇಳಿದಾಗ ಬಾಯಿಬಿಟ್ಟರು. ಎರಡು ವರ್ಷದಿಂದ ಗರ್ಭಕೋಶ ಕೆಳಗಿಳಿದಿದೆ, ಸಂಜೆ ಹೊತ್ತಿಗೆ ಗಂಟಿನ ಹಾಗೆ ಹೊರಗೇ ಬರತ್ತಂತೆ. ಕೆಮ್ಮಿದರೆ ಮೂತ್ರ ಹೋಗತ್ತೆ. ಹಾರ್ಟಿಗೆ ಸ್ಟೆಂಟ್ ಹಾಕಿರೋದರಿಂದ ಆಪರೇಷನ್ ಅಂದರೆ ನಡುಗ್ತಾರೆ. ತೋರಿಸಿದ ಕಡೆ "ವಯಸ್ಸಾಯ್ತಲ್ಲಮ್ಮ" ಅಂತ ವಾಪಸ್ ಕಳಿಸಿದರು. ಚಿಕ್ಕಮಗಳೂರಿಗೆ ಬಸ್ ಹತ್ತೋದನ್ನೇ ಬಿಟ್ಟಿದ್ದಾರೆ.

ನಿವೃತ್ತ ಟೀಚರ್, ಹಾಸನ:
ತಂಗಿ, ವಯಸ್ಸಾಯ್ತು ಅಂತ ಸಹಿಸಿಕೊಂಡು ಕೂರೋ ಕಾಯಿಲೆ ಅಲ್ಲ ಇದು. ನನಗೀಗ 69, ನಾಲ್ಕು ವರ್ಷದಿಂದ ರಿಂಗ್ ಪೆಸರಿ ಹಾಕ್ಕೊಂಡಿದ್ದೀನಿ. ಸಿಲಿಕಾನಿನ ಉಂಗುರ, ಹೆಚ್ಚುಕಮ್ಮಿ ಬಳೆ ಗಾತ್ರ, ಅಮುಕಿದರೆ ಮಡಚತ್ತೆ. ಒಳಗೆ ಹೋದ ಮೇಲೆ ಅಗಲವಾಗಿ ಗರ್ಭಕೋಶ ಇಳಿಯದ ಹಾಗೆ ತಡೆದು ನಿಲ್ಲಿಸತ್ತೆ. ಅರಿವಳಿಕೆ ಬೇಡ, ಕೊಯ್ಯೋದು ಬೇಡ.

ಅಳತೆ ಸರಿಯಾಗಬೇಕು, ಅಷ್ಟೇ. ನನಗೆ ಮೊದಲು ಹಾಕಿದ್ದು 65 ಮಿಲಿಮೀಟರಿನದು. ಮಾರನೇ ಬೆಳಿಗ್ಗೆ ಕಕ್ಕಸಿನಲ್ಲಿ ಮುಕ್ಕಿದಾಗ ಜಾರಿ ಬಿತ್ತು. ಇದೂ ನನಗೆ ಆಗಿಬರಲ್ಲ ಅಂತ ಅತ್ತುಬಿಟ್ಟೆ. ಆಮೇಲೆ 70ರದ್ದು ಕೂತಿತು. ಹಾಕಿಸಿದ ಮೇಲೆ ಅಲ್ಲೇ ನಡೆದು, ಕುಕ್ಕರುಗಾಲಲ್ಲಿ ಕೂತು, ಕೆಮ್ಮಿ, ಮೂತ್ರ ಮಾಡಿ ನೋಡಿಯೇ ಹೊರಡಿ. ಸರಿಯಾಗಿದ್ದರೆ ಒಳಗಿದೆ ಅನ್ನೋದೇ ಗೊತ್ತಾಗಲ್ಲ.

ನಾನು ಶನಿವಾರ ರಾತ್ರಿ ತೆಗೆದು, ಸೋಪು ಹಾಕಿ ಬೆಚ್ಚಗಿನ ನೀರಲ್ಲಿ ತೊಳೆದಿಟ್ಟು, ಬೆಳಿಗ್ಗೆ ಹಾಕ್ಕೋತೀನಿ. ಅತ್ತೆ ಕೈಲಿ ಆಗದಿದ್ದರೆ ಡಾಕ್ಟರು ಹೇಳಿದ ಹಾಗೆ ಮೂರೋ ಆರೋ ತಿಂಗಳಿಗೆ ಹೋಗಿ ತೆಗೆಸಿ ತೊಳೆಸಿ. ಮುಟ್ಟು ನಿಂತವರಿಗೆ ಒಳಗೆ ಒಣಗಿ ತೆಳುವಾಗಿರತ್ತೆ, ಉಂಗುರ ಉಜ್ಜಿ ಹುಣ್ಣಾಗಬಹುದು. ಅದಕ್ಕೇ ನನಗೆ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನಿನ ಕ್ರೀಮ್ ವಾರಕ್ಕೆ ಎರಡು ಸಲ ಅಂತ ಬರೆದುಕೊಟ್ಟಿದ್ದಾರೆ. ಸ್ಟೆಂಟ್ ವಿಷಯ, ಮಾತ್ರೆಗಳು, ಸ್ತನದ ಕ್ಯಾನ್ಸರ್ ಆಗಿದ್ದರೆ ಅದೂ, ಮೊದಲೇ ಹೇಳಿ. ರಕ್ತ, ಕೆಟ್ಟ ವಾಸನೆ ಬಂದರೆ ಅಥವಾ ಮೂತ್ರ ಕಟ್ಟಿಕೊಂಡರೆ ಅವತ್ತೇ ಹೋಗಬೇಕು.

ಫಿಸಿಯೋ, ಚಿಕ್ಕಮಗಳೂರು:
ಟೀಚರ್ ಹೇಳಿದ್ದು ಸರಿ. ಗಂಟು ಇಷ್ಟು ಹೊರಗೆ ಬಂದಮೇಲೆ ಬರೀ ವ್ಯಾಯಾಮಕ್ಕೆ ಅದು ಮೇಲೆ ಹೋಗಲ್ಲ. ಆದರೆ ಕೆಮ್ಮಿದಾಗ ಮೂತ್ರ ಹೋಗೋದಕ್ಕೆ ವ್ಯಾಯಾಮ ಚೆನ್ನಾಗಿ ಕೆಲಸ ಮಾಡತ್ತೆ. ಗಾಳಿ ಹೋಗದ ಹಾಗೆ ಬಿಗಿಹಿಡೀತೀವಲ್ಲ, ಹಾಗೆ ಒಳಗೆ ಮೇಲಕ್ಕೆ ಎಳೆದು ಐದು ಎಣಿಸಿ ಪೂರ್ತಿ ಸಡಿಲ ಬಿಡಬೇಕು. ಉಸಿರು ಕಟ್ಟಬಾರದು. ಒಂದು ಸಲಕ್ಕೆ ಎಂಟು, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ತುಂಬಾ ಜನ ಮೂರನೇ ವಾರಕ್ಕೇ ಬಿಟ್ಟುಬಿಡ್ತಾರೆ. ಕೆಮ್ಮು ಬರ್ತಿದೆ ಅನ್ನುವಾಗಲೇ ಬಿಗಿಹಿಡಿಯೋದು ಕಲಿಸಿ. ಮಲಬದ್ಧತೆಗೂ ಔಷಧಿ ಕೇಳಿ, ಮುಕ್ಕಿದಷ್ಟೂ ಜಾರತ್ತೆ. ಸೌದೆ ಹೊರೆ, ನೀರಿನ ಕೊಡ ಎತ್ತೋದು ನಿಲ್ಲಲಿ.

ಮೂಡಿಗೆರೆ ಸೊಸೆ:
ಅತ್ತೆಗೆ ಪೂರ್ತಿ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಆ ಟೀಚರಮ್ಮ ಅದನ್ನಿಟ್ಟುಕೊಂಡು ಹೊರಗೆ ಓಡಾಡ್ತಾರಾ ಕೇಳು" ಅಂದರು.

ನಿವೃತ್ತ ಟೀಚರ್, ಹಾಸನ:
ಹೋದ ದೀಪಾವಳಿಲಿ ಹಾಸನಾಂಬೆ ದರ್ಶನಕ್ಕೆ ಮೂರು ಗಂಟೆ ಸಾಲಲ್ಲಿ ನಿಂತಿದ್ದೆ ಅಂತ ಹೇಳಮ್ಮ. ಈ ಸಲ ಅವರನ್ನೂ ಕರಕೊಂಡು ಬಾ, ನಮ್ಮನೇಲೇ ಉಳಕೊಳ್ಳಲಿ.