ಅಪ್‌ಡೇಟ್: ನಮ್ಮ ಗಿರಿರಾಜ ಹೇಂಟೆಗೆ ಬಂದಿದ್ದು ಸಿಡುಬು

ಹೋದ್ಸಲ ಕೇಳಿದ್ನಲ್ಲ, ಹಿತ್ತಲಲ್ಲಿ ಸಾಕಿರೋ ಗಿರಿರಾಜ ಹೇಂಟೆಗೆ ಜುಟ್ಟಿನ ಮೇಲೆ, ಕಣ್ಣಿನ ಸುತ್ತ ಕಪ್ಪು ಗಂಟು ಎದ್ದಿದೆ, ಕಾಳು ಮುಟ್ತಿಲ್ಲ, ಏನಿರಬಹುದು ಅಂತ. ತುಂಬ ಜನ ಕೊಕ್ಕರೆ ರೋಗ (ಕೋಳಿಗಳ ಪ್ರಾಣ ತೆಗೆಯೋ ರಾಣಿಖೇತ್) ಅಂದ್ರಿ, ಭಯ ಆಗಿ ಬುಟ್ಟೀಲಿ ಹಾಕ್ಕೊಂಡು ಪಶು ಆಸ್ಪತ್ರೆಗೆ ಹೋದೆ, ಡಾಕ್ಟರು ಕೊಕ್ಕು ಬಿಡಿಸಿ ಟಾರ್ಚ್ ಬಿಟ್ಟು ನೋಡಿ ಇದು ಸಿಡುಬು ಕಣ್ರೀ, ಗಂಟಲೊಳಗೆ ಹಳದಿ ಪೊರೆ ಇಲ್ಲ, ಬಚಾವ್ ಅಂದ್ರು. ಒಳಗೂ ಬಂದಿದ್ರೆ ಉಸಿರು ಕಟ್ಟುತ್ತಂತೆ. ವೈರಸ್ ಆದ್ದರಿಂದ ಇದಕ್ಕೇ ಅಂತ ಔಷಧಿ ಇಲ್ಲ, ಆಂಟಿಬಯಾಟಿಕ್ ಕೊಟ್ರೂ ಹುಣ್ಣು ಕೀವಾಗದಿರಲಿ ಅಂತಷ್ಟೆ, ಸಾಮಾನ್ಯವಾಗಿ 3–4 ವಾರದಲ್ಲಿ ಚಕ್ಕೆ ತಾನೇ ಉದುರುತ್ತೆ, ಕೀಳೋಕೆ ಹೋಗ್ಬೇಡಿ ಅಂದ್ರು (ಉದುರಿದ ಚಕ್ಕೇಲೂ ವೈರಸ್ ಇರುತ್ತೆ, ಗುಡಿಸಿ ಸುಟ್ಬಿಡಿ).

ಅಸಲಿ ಸಮಸ್ಯೆ ಕಣ್ಣು. ಒಂದು ಪೂರ್ತಿ ಮುಚ್ಚಿ ಇನ್ನೊಂದು ಅರ್ಧ, ಹಸಿವಿತ್ತು ಪಾಪ, ಕಾಳೇ ಕಾಣ್ತಿರ್ಲಿಲ್ಲ. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಹತ್ತಿ ಅದ್ದಿ ರೆಪ್ಪೆ ಒರೆಸಿ, ಮೊಸರನ್ನ ಚಿಕ್ಕ ಉಂಡೆ ಮಾಡಿ ಕೊಕ್ಕಿಗೆ ತಾಗಿಸಿದ್ರೆ ಗಬಕ್ಕನೆ ನುಂಗೋದು. ಅತ್ತೆ ಬೇವು ಅರಿಶಿನ ಅರೆದು ಜುಟ್ಟಿನ ಗಂಟಿಗೆ ಹಚ್ಚಿದ್ರು, ವಾಸಿ ಆಗಿದ್ದು ಅದ್ರಿಂದ್ಲೇ ಅನ್ನೋದು ಅವರ ವಾದ, ನಾನು ಸುಮ್ನಿದೀನಿ.

ಸೊಳ್ಳೆಯಿಂದ ಹರಡುತ್ತೆ ಅಂತ ಗೂಡಿಗೆ ಹಳೇ ಸೊಳ್ಳೆ ಪರದೆ ಕಟ್ಟಿದೀನಿ, ಚೆನ್ನಾಗಿರೋ ಬಾಕಿ ಕೋಳಿಗಳಿಗೆ ರೆಕ್ಕೆ ಪೊರೆಗೆ ಚುಚ್ಚಿ ಲಸಿಕೆ ಹಾಕಿಸಿದ್ದಾಯ್ತು. ಈಗ ಎರಡೂ ಕಣ್ಣು ಬಿಟ್ಟಿದೆ, ತಿಪ್ಪೆ ಕೆರೆಯೋದೂ ಶುರು. ಮೊಟ್ಟೆ ಮಾತ್ರ ಇನ್ನೂ ಇಲ್ಲ.