ತಾತನ ಗಾಡಿಯ ಸ್ಪೀಡೋಮೀಟರ್ ಮುಳ್ಳು ಕುಪ್ಪಳಿಸುತ್ತಿದೆ, ಕೆಟ್ಟು ಹೋಗಿದೆಯಾ?

ಮಲ್ನಾಡ್‌ಗಾಡಿ:
ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಹತ್ತಿರ ನಮ್ಮ ಹಳೆ ಮನೆಯ ಅಟ್ಟ ಖಾಲಿ ಮಾಡುವಾಗ ಗೋಣಿಚೀಲದಲ್ಲಿ ಸುತ್ತಿಟ್ಟ ಒಂದು ಹೆಡ್‌ಲೈಟು, ಒಂದು ಸ್ಪೀಡೋಮೀಟರು ಸಿಕ್ಕಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಮೋಟಾರ್ ಬೈಕನ್ನು ತಾತ ತಗೊಂಡಿದ್ದರಂತೆ. ಗಾಡಿ ಎಂದೋ ಗುಜರಿಗೆ ಹೋಯಿತು, ಇವೆರಡು ಮಾತ್ರ ಉಳಿದಿವೆ. ಅದು ಯಾವ ಬ್ರಿಟಿಷ್ ಕಂಪನಿಯ ಬೈಕು ಅಂತ ಕೇಳಿದರೆ ಅಪ್ಪ ಬಿಎಸ್‌ಎ ಅಂತಾರೆ, ದೊಡ್ಡಪ್ಪ ಮ್ಯಾಚ್‌ಲೆಸ್ ಅಂತಾರೆ.

ಮೀಟರ್ ಮೇಲೆ ಸ್ಮಿತ್ಸ್ ಅಂತ ಇದೆ. 80 ಮೈಲಿವರೆಗೆ ಅಂಕಿ, ಕೆಳಗೆ ಸಣ್ಣದಾಗಿ ಎಸ್ ಅಕ್ಷರದಿಂದ ಶುರುವಾಗುವ ನಂಬರು, ಅದರ ಪಕ್ಕ 1600. ಮೆಕ್ಯಾನಿಕ್ ಒಬ್ಬರು ಮೀಟರಿಗೆ ಕೇಬಲ್ ಸಿಕ್ಕಿಸುವ ಜಾಗಕ್ಕೆ ಡ್ರಿಲ್ ಹಾಕಿ ತಿರುಗಿಸಿದಾಗ ಮುಳ್ಳು ನಯವಾಗಿ ಏರಲಿಲ್ಲ, ಟಿಕ್ ಟಿಕ್ ಅಂತ ಕುಪ್ಪಳಿಸುತ್ತಾ ಏರಿತು. ಒಳಗಿನದು ಹೋಗಿದೆ, ಹೊಸ ಮಷಿನ್ ಕೂರಿಸಿ ಡಯಲ್ ಕೆರೆದು ಹೊಸದಾಗಿ ಬಣ್ಣ ಹಾಕಿ ಕೊಡ್ತೀನಿ ಅಂದರು. ಕೊಡಲಾ? ಹೆಡ್‌ಲೈಟಿನ ಒಳಗಿನ ಕನ್ನಡಿಯಂಥ ಬಟ್ಟಲು ಹಳದಿಯಾಗಿದೆ, ಅದಕ್ಕೆ ಬ್ರಾಸೋ ಹಾಕಿ ಉಜ್ಜಬಹುದಾ?

ಹಳೇಮೀಟರ್:
ದಯವಿಟ್ಟು ಕೊಡಬೇಡಿ! ಅದು ಕೆಟ್ಟಿಲ್ಲ. ನಿಮ್ಮ ಕೈಲಿರುವುದು ಕ್ರೋನೋಮೆಟ್ರಿಕ್ ಮೀಟರ್, ಅದರ ಮುಳ್ಳು ಕುಪ್ಪಳಿಸಲೇಬೇಕು. ಒಳಗೆ ಗಡಿಯಾರದ ಥರ ಹಲ್ಲಿನ ಚಕ್ರಗಳಿರುತ್ತವೆ. ಗಾಡಿ ಓಡುವಾಗ ಮೀಟರನ್ನು ತಿರುಗಿಸುವ ಕೇಬಲ್ ಒಂದು ನಿಗದಿತ ಹೊತ್ತಿನಲ್ಲಿ ಎಷ್ಟು ಸುತ್ತು ಸುತ್ತಿತು ಅಂತ ಎಣಿಸಿ ಮುಳ್ಳನ್ನು ಅಲ್ಲಿಗೆ ತಂದು ನಿಲ್ಲಿಸುತ್ತದೆ, ಮತ್ತೆ ಎಣಿಸುತ್ತದೆ, ಮತ್ತೆ ಸರಿಸುತ್ತದೆ. ಆಮೇಲೆ ಬಂದ ಅಯಸ್ಕಾಂತದ ಮೀಟರ್‌ಗಳಲ್ಲಿ ಮುಳ್ಳು ತೇಲುತ್ತದೆ, ಇದರಲ್ಲಿ ಹೆಜ್ಜೆ ಹಾಕುತ್ತದೆ. 1960ರ ದಶಕದಲ್ಲಿ ಇವು ಬರುವುದು ನಿಂತುಹೋಯಿತು. ಅದನ್ನು ಕಿತ್ತು ಬೇರೆ ಮಷಿನ್ ಹಾಕಿದರೆ ಉಳಿಯುವುದು ಬರೀ ಡಬ್ಬಿ.

1600 ಅಂದರೆ ಒಂದು ಮೈಲಿಗೆ ಕೇಬಲ್ ಸುತ್ತುವ ಸುತ್ತು. ಗಂಟೆಗೆ 60 ಮೈಲಿ ಅಂದರೆ ನಿಮಿಷಕ್ಕೆ ಒಂದು ಮೈಲಿ ಅಲ್ವಾ, ಹಾಗಾಗಿ ಡ್ರಿಲ್ ನಿಮಿಷಕ್ಕೆ 800 ಸುತ್ತು ತಿರುಗಿದರೆ ಮುಳ್ಳು 30ರ ಹತ್ತಿರ ನಿಲ್ಲಬೇಕು. ಮೊದಲು ಬೆರಳಲ್ಲೇ ಮೆಲ್ಲಗೆ ತಿರುಗಿಸಿ ಮೈಲಿ ಅಂಕಿ ಮುಂದಕ್ಕೆ ಹೋಗುತ್ತಾ ನೋಡಿಕೊಳ್ಳಿ, ಉಲ್ಟಾ ಮಾತ್ರ ಓಡಿಸಬೇಡಿ.

ಇನ್ನೊಂದು ಮಾತು, ಇದೇ ಮುಖ್ಯ. ಅಂಕಿಗಳ ಮೇಲೆ ಕಂದು ಹಸಿರು ಬಣ್ಣದ ದಪ್ಪ ಲೇಪ ಇದೆಯಾ? ಇದ್ದರೆ ಅದು ರೇಡಿಯಂ ಇರಬಹುದು. ನಾವು ಗಾಡಿಗೆ ಅಂಟಿಸುವ ರೇಡಿಯಂ ಸ್ಟಿಕ್ಕರ್ ಅಲ್ಲ, ನಿಜವಾದ ರೇಡಿಯಂ. ಈಗ ಕತ್ತಲಲ್ಲಿ ಹೊಳೆಯದಿದ್ದರೂ ಅದರ ವಿಕಿರಣ ಹೋಗಿರುವುದಿಲ್ಲ, ಅದು ಅರ್ಧ ಆಗಲಿಕ್ಕೇ ಸುಮಾರು 1600 ವರ್ಷ ಬೇಕು. ಕೆರೆದರೆ ಏಳುವ ಧೂಳು ಮೂಗಿಗೆ ಹೋಗುತ್ತದೆ. ಗಾಜು ತೆಗೆಯಬೇಡಿ, ಮನೆಯಲ್ಲಿ ಮಕ್ಕಳ ಕೈಗೂ ಕೊಡಬೇಡಿ.

ಗುಜರಿಪ್ರೇಮಿ:
ಬ್ರಾಸೋ ಬೇಡವೇ ಬೇಡ ಸರ್. ಆ ಕಾಲದ ಬಟ್ಟಲುಗಳಲ್ಲಿ ಹಿತ್ತಾಳೆ ಮೇಲೆ ತೆಳ್ಳಗೆ ಬೆಳ್ಳಿ ಕೂರಿಸಿರುತ್ತಾರೆ, ನಾಲ್ಕು ಸಲ ಉಜ್ಜಿದರೆ ಬೆಳ್ಳಿ ಹೋಗಿ ಹಿತ್ತಾಳೆ ಕಾಣುತ್ತದೆ. ನಿಮ್ಮದು ಹಳದಿ ಆಗಿರುವುದೂ ಹಾಗೇ ಇರಬಹುದು. ಬೆಳ್ಳಿ ಪ್ಲೇಟಿಂಗ್ ಮಾಡುವವರ ಹತ್ತಿರ ಮತ್ತೆ ಹಾಕಿಸಿ. ಆಮೇಲೆ ಬೆರಳು ಮುಟ್ಟಿಸಬೇಡಿ.

ಯಾವ ಗಾಡಿ ಅಂತ ಬರೀ ಮೀಟರ್ ನೋಡಿ ಹೇಳಲಾಗದು, ಸ್ಮಿತ್ಸ್‌ನವರು ಬ್ರಿಟಿಷ್ ಬೈಕ್ ಕಂಪನಿಗಳಲ್ಲಿ ಹೆಚ್ಚಿನವರಿಗೆ ಮೀಟರ್ ಕೊಡುತ್ತಿದ್ದರು. ಹೆಡ್‌ಲೈಟಿನ ಕಪ್ಪು ಬಣ್ಣ ಎಲ್ಲಾದರೂ ಎದ್ದಿದ್ದರೆ ಅಡಿಯಲ್ಲಿ ಮಿಲಿಟರಿ ಹಸಿರು ಇದೆಯಾ ನೋಡಿ, ಎಲ್ಲಾದರೂ ಬಾಣದ ಗುರುತು ಒತ್ತಿದ್ದರೆ ಅದು ಬ್ರಿಟಿಷ್ ಸರ್ಕಾರದ ಮಾಲು. ಗಾಡಿಯ ಹಳೆ ಫೋಟೋ ಇದ್ದರೆ ಇನ್ನೂ ಸುಲಭ. ಯುದ್ಧದ ಕಾಲದ ಬಿಎಸ್‌ಎ ಎಂ20ಗೆ ಮುಂದಿನ ಚಕ್ರ ಹಿಡಿಯಲು ಗರ್ಡರ್ ಫೋರ್ಕ್ ಅನ್ನುವ ಕಬ್ಬಿಣದ ಚೌಕಟ್ಟು, ನಡುವೆ ಒಂದು ದಪ್ಪ ಸ್ಪ್ರಿಂಗ್. ಮ್ಯಾಚ್‌ಲೆಸ್ ಜಿ3ಎಲ್ ಆದರೆ ಈಗಿನ ಗಾಡಿಗಳ ಥರ ಎರಡು ನೇರ ಪೈಪು.

ಮಲ್ನಾಡ್‌ಗಾಡಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅತ್ತೆಯ ಮನೆಯಲ್ಲಿ ಒಂದು ಫೋಟೋ ಸಿಕ್ಕಿತು, ತಾತ ಪಂಚೆ ಎತ್ತಿ ಕಟ್ಟಿಕೊಂಡು ಗಾಡಿ ಮೇಲೆ ಕೂತಿದ್ದಾರೆ, ಮುಂದೆ ಎರಡು ನೇರ ಪೈಪು! ದೊಡ್ಡಪ್ಪ ಹೇಳಿದ್ದೇ ಸರಿ. ಹೆಡ್‌ಲೈಟಿನ ಬಣ್ಣದಡಿ ಹಸಿರೂ ಇದೆ. 800 ಸುತ್ತಿಗೆ ಮುಳ್ಳು 28ಕ್ಕೆ ನಿಂತಿತು. ಡಯಲ್ ಇದ್ದ ಹಾಗೇ ಇಡುತ್ತೇನೆ. ಮುಂದೆ ಜಿ3ಎಲ್ ಸಿಕ್ಕರೆ ಇದನ್ನೇ ಹಾಕುವ ಆಸೆ. ಕೇಬಲ್‌ಗೆ ಗ್ರೀಸ್ ಪೂರ್ತಿ ಹಾಕಬೇಕಾ?

ಹಳೇಮೀಟರ್:
28 ಬಂದಿದ್ದರೆ ಖುಷಿಪಡಿ, ಅಷ್ಟು ವರ್ಷ ಅಟ್ಟದಲ್ಲಿದ್ದದ್ದು. ಗ್ರೀಸ್ ಕೆಳಗಿನ ಭಾಗಕ್ಕೆ ಮಾತ್ರ ಹಾಕಿ, ಮೀಟರ್ ಕಡೆಯ ಅರ್ಧ ಅಡಿ ಒಣಗಿದ್ದಂತೆಯೇ ಬಿಡಿ. ಇಲ್ಲದಿದ್ದರೆ ಕೇಬಲ್ ಸುತ್ತುತ್ತಾ ಸುತ್ತುತ್ತಾ ಗ್ರೀಸ್ ಮೇಲೆ ಹತ್ತಿ ಒಳಗಿನ ಚಕ್ರಗಳಿಗೆ ಮೆತ್ತಿಕೊಳ್ಳುತ್ತದೆ. ಆ ಫೋಟೋ ಇಲ್ಲೂ ಹಾಕಿ, ನೋಡಬೇಕು.