ಅಪ್ಪನ ಹಳೇ ಕಂಪ್ಯೂಟರಿನ ನುಡಿ ಫೈಲುಗಳನ್ನು ಹೊಸ ಲ್ಯಾಪ್‌ಟಾಪಿಗೆ ತರುವುದು ಹೇಗೆ?

ಪ್ರಶ್ನೆ (ರಾಜಾಜಿನಗರದಿಂದ): ಸರ್, ನಮ್ಮ ಮನೆಯಲ್ಲಿ ವಿಂಡೋಸ್ ಎಕ್ಸ್‌ಪಿ ಇರುವ ಡೆಸ್ಕ್‌ಟಾಪ್ ಇದೆ. ಅಪ್ಪ ರಿಟೈರ್ ಆದ ಮೇಲೆ ನಮ್ಮ ಊರಿನ ಕಥೆ, ಅಜ್ಜಿ ಹೇಳುತ್ತಿದ್ದ ಹಾಡುಗಳು ಎಲ್ಲವನ್ನೂ ಅದರಲ್ಲೇ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದಾರೆ. ಫೋಟೋಗಳೂ ಇವೆ. ಈಗ ಆನ್ ಆಗಲು ಬಟನ್ ಎರಡು ಮೂರು ಸಲ ಒತ್ತಬೇಕು. ತಾರೀಖು ಪ್ರತಿ ಸಲ ತಪ್ಪು ತೋರಿಸುತ್ತದೆ. ಒಂದು ಫೈಲನ್ನು ಪೆನ್‌ಡ್ರೈವಿನಲ್ಲಿ ತಂದು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡವೇ ಇಲ್ಲ, ಬರೀ ವಿಚಿತ್ರ ಅಕ್ಷರಗಳು. ಫೈಲ್ ಕೆಟ್ಟುಹೋಯಿತಾ? ಹಳೇದನ್ನು ಫಾರ್ಮ್ಯಾಟ್ ಮಾಡಿಸಿ ಅಂತ ಒಬ್ಬರು ಹೇಳಿದರು. ಮಾಡಿಸಬಹುದಾ?

ಉತ್ತರ (ಎಸ್.ಪಿ. ರಸ್ತೆ, ಕಂಪ್ಯೂಟರ್ ಸರ್ವೀಸ್): ಮೇಡಂ, ದಯವಿಟ್ಟು ಫಾರ್ಮ್ಯಾಟ್ ಮಾಡಿಸಬೇಡಿ. ನಿಮ್ಮ ಫೈಲ್ ಕೆಟ್ಟಿಲ್ಲ, ಅಪ್ಪ ಬರೆದದ್ದು ಹಾಗೇ ಇದೆ.

ಆಗಿನ ನುಡಿ, ಬರಹ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಿದ್ದರು. ಫೈಲಿನ ಒಳಗೆ ಇರುವುದು ಆ ಇಂಗ್ಲಿಷ್ ಸಂಕೇತಗಳೇ. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಟೋಪಿ, ಚುಕ್ಕೆ ಹೊತ್ತ ಅಕ್ಷರಗಳು. ಹಾಗಾಗಿ ಹಳೇ ಕಂಪ್ಯೂಟರಿನ ಸಿ ಡ್ರೈವಿನಲ್ಲಿ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರಿಂದ ನುಡಿ ಫಾಂಟುಗಳನ್ನೂ ಕಾಪಿ ಮಾಡಿಕೊಳ್ಳಿ. ಹೊಸದರಲ್ಲಿ ಅವನ್ನು ಇನ್‌ಸ್ಟಾಲ್ ಮಾಡಿ ವರ್ಡ್ ಫೈಲ್ ತೆರೆದರೆ ಬರಹ ಮತ್ತೆ ಕಾಣುತ್ತದೆ.

ತಾರೀಖಿನ ಚಿಂತೆ ಬೇಡ. ಮದರ್‌ಬೋರ್ಡಿನ ಮೇಲಿನ ಬಿಲ್ಲೆ ಸೆಲ್ ಮುಗಿದಿರುತ್ತದೆ, ಸಿಆರ್ 2032 ಅಂತ ಕೇಳಿದರೆ ಎಲ್ಲ ಕಡೆ ಸಿಗುತ್ತದೆ. ಬಟನ್ ವಿಷಯವೇ ನನಗೆ ಆತಂಕ. ಎಸ್‌ಎಂಪಿಎಸ್, ಅಂದರೆ ಒಳಗೆ ಕರೆಂಟ್ ಕೊಡುವ ಡಬ್ಬಿ, ಸೋಲುತ್ತಿರಬಹುದು. ಸುಮ್ನೆ ಆನ್ ಆಫ್ ಮಾಡುತ್ತಾ ಇರಬೇಡಿ. ಒಂದು ಸಲ ಆನ್ ಆದಾಗ ಕೂತು ಕೆಲಸ ಮುಗಿಸಿ. ಇಂಟರ್ನೆಟ್ ಮಾತ್ರ ಕೊಡಬೇಡಿ, ಎಕ್ಸ್‌ಪಿಗೆ ಸೆಕ್ಯೂರಿಟಿ ಅಪ್‌ಡೇಟ್ 2014ರ ಏಪ್ರಿಲ್‌ನಲ್ಲೇ ನಿಂತಿದೆ.

32 ಜಿಬಿ ಪೆನ್‌ಡ್ರೈವ್ ತಗೊಳ್ಳಿ. ಅದಕ್ಕಿಂತ ದೊಡ್ಡವು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಅನ್ನುವ ಫಾರ್ಮ್ಯಾಟಿನಲ್ಲಿ ಬರುತ್ತವೆ, ಅಪ್‌ಡೇಟ್ ಇಲ್ಲದ ಎಕ್ಸ್‌ಪಿ ಅದನ್ನು ಓದುವುದಿಲ್ಲ. ಕಟ್ ಮಾಡಬೇಡಿ, ಕಾಪಿ ಮಾಡಿ. ಮೊದಲು ಅಪ್ಪನ ಬರಹ, ಆಮೇಲೆ ಫೋಟೋ, ವಿಡಿಯೋ ಕೊನೆಗೆ. ಎಕ್ಸ್‌ಪಿಯಲ್ಲಿ ಮೈ ಡಾಕ್ಯುಮೆಂಟ್ಸ್ ಇರುವುದು ಸಿ ಡ್ರೈವಿನ ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್ ಒಳಗೆ. ಡೆಸ್ಕ್‌ಟಾಪ್ ಮೇಲೆ ಇಟ್ಟದ್ದೂ ಅಲ್ಲೇ ಇರುತ್ತದೆ, ಜಾಸ್ತಿ ಜನ ಅದನ್ನೇ ಮರೆಯುತ್ತಾರೆ. ಡಿ ಡ್ರೈವನ್ನೂ ನೋಡಿ. ಮುಗಿದ ಮೇಲೆ ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ ಸರಿಹೋಗುತ್ತದಾ ನೋಡಿ.

ಮರುಪ್ರಶ್ನೆ: ತುಂಬಾ ಸಮಾಧಾನ ಆಯ್ತು ಸರ್. ನಡುವೆ ಕಂಪ್ಯೂಟರ್ ಆನೇ ಆಗದಿದ್ದರೆ? ಇದನ್ನೆಲ್ಲ ಯೂನಿಕೋಡ್ ಮಾಡಲೇಬೇಕಾ?

ಉತ್ತರ: ಆನ್ ಆಗದಿದ್ದರೂ ಡಿಸ್ಕ್ ಚೆನ್ನಾಗಿರಬಹುದು ಮೇಡಂ. ಕ್ಯಾಬಿನೆಟ್ ಬಿಚ್ಚಿ ನೋಡಿ. ಡಿಸ್ಕಿಗೆ ಅಗಲವಾದ ಪಟ್ಟಿ ಕೇಬಲ್ ಇದ್ದರೆ ಐಡಿಇ, ಸಣ್ಣ ಕೇಬಲ್ ಇದ್ದರೆ ಸಾಟಾ. ಎರಡಕ್ಕೂ ಆಗುವ ಯುಎಸ್‌ಬಿ ಕನ್ವರ್ಟರ್ ನಮ್ಮ ರಸ್ತೆಯಲ್ಲಿ ಸಿಗುತ್ತದೆ. ಪವರ್ ಅಡಾಪ್ಟರ್ ಜೊತೆಗಿರುವುದನ್ನೇ ಕೇಳಿ. ಡೆಸ್ಕ್‌ಟಾಪ್ ಡಿಸ್ಕಿಗೆ 12 ವೋಲ್ಟ್ ಬೇಕು, ಕನ್ವರ್ಟರಿನ ಯುಎಸ್‌ಬಿ ಕೇಬಲ್ ಕೊಡುವುದು 5 ಮಾತ್ರ. ಲ್ಯಾಪ್‌ಟಾಪಿಗೆ ಹಾಕಿದಾಗ ಫೋಲ್ಡರಿಗೆ ಅನುಮತಿ ಇಲ್ಲ ಅಂದರೆ ಕಂಟಿನ್ಯೂ ಒತ್ತಿ. ಫಾರ್ಮ್ಯಾಟ್ ಮಾಡಲಾ ಅಂತ ಕೇಳಿದರೆ ಮಾತ್ರ ಕ್ಯಾನ್ಸಲ್ ಮಾಡಿ. ಡಿಸ್ಕ್ ಟಕ್ ಟಕ್ ಅಂತ ಶಬ್ದ ಮಾಡಿದರೆ ತಕ್ಷಣ ನಿಲ್ಲಿಸಿ, ಡೇಟಾ ರಿಕವರಿಯವರಿಗೆ ಕೊಡಿ. ಇನ್ನೊಂದು ಸಲ ನೋಡೋಣ ಅಂತ ಓಡಿಸಿದರೆ ಉಳಿದದ್ದೂ ಹೋಗಬಹುದು.

ಯೂನಿಕೋಡ್ ಅಂದರೆ ಕನ್ನಡದ ಅಕ್ಷರಗಳಿಗೇ ಸ್ವಂತ ಸಂಕೇತ ಇರುವ, ಈಗ ಎಲ್ಲ ಕಡೆ ನಡೆಯುವ ಪದ್ಧತಿ. ಹಾಗೆ ಮಾಡಿ ಅಂತಲೇ ನಾನು ಹೇಳುತ್ತೇನೆ. ಫಾಂಟ್ ಹಾಕಿಕೊಂಡರೆ ನಿಮಗೆ ಕಾಣುತ್ತದೆ, ಆದರೆ ಹುಡುಕಲು ಆಗುವುದಿಲ್ಲ, ವಾಟ್ಸಾಪಿನಲ್ಲಿ ತಂಗಿಗೆ ಕಳಿಸಿದರೆ ಅವರಿಗೆ ಓದಲು ಆಗುವುದಿಲ್ಲ. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಸಾಫ್ಟ್‌ವೇರುಗಳು ಉಚಿತವಾಗಿ ಸಿಗುತ್ತವೆ. ಕೆಲಸವನ್ನು ಹಳೇ ಕಂಪ್ಯೂಟರ್ ಓಡುತ್ತಿರುವಾಗಲೇ ಮಾಡಿ, ಪಕ್ಕದಲ್ಲೇ ಮೂಲ ನೋಡಬಹುದು ಅಲ್ವಾ? ಧರ್ಮ, ಸೂರ್ಯ ಅಂಥ ಅರ್ಕಾವೊತ್ತಿನ ಪದಗಳನ್ನು, ಒತ್ತಿನ ಮೇಲೆ ಒತ್ತು ಬಂದಲ್ಲಿ ಗಮನಿಸಿ ಓದಿ. ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡದ ಕಲಸುಮೇಲೋಗರ ಆಗಿಬಿಡುತ್ತದೆ. ಅಪ್ಪನನ್ನೇ ಪಕ್ಕ ಕೂರಿಸಿಕೊಳ್ಳಿ, ಅಜ್ಜಿಯ ಹಾಡಿನ ಪದ ಸರಿಯಾ ಅಂತ ಅವರಿಗಿಂತ ಚೆನ್ನಾಗಿ ಯಾರು ಹೇಳುತ್ತಾರೆ? ಮೂಲ ಫೈಲುಗಳನ್ನು ಬೇರೆ ಫೋಲ್ಡರಿನಲ್ಲಿ ಮುಟ್ಟದೆ ಇಟ್ಟಿರಿ.

ಇನ್ನೊಬ್ಬರು (ಚಾಮರಾಜಪೇಟೆ): ಅಣ್ಣಾ, ನಮ್ಮದು ಡಿಟಿಪಿ ಅಂಗಡಿ. ಹಳೇ ಪುಸ್ತಕಗಳೆಲ್ಲ ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರಿನಲ್ಲಿವೆ. ಅದಕ್ಕೂ ಇದೇ ದಾರಿನಾ?

ಉತ್ತರ: ಕಾಪಿ ಮಾಡುವುದು ಇದೇ ರೀತಿ. ತೆರೆಯುವುದು ಕಷ್ಟ. ಪೇಜ್‌ಮೇಕರ್ ನಂತರ ಬಂದ ಇನ್‌ಡಿಸೈನ್ ಸಾಫ್ಟ್‌ವೇರು ಸಿಎಸ್6 ಆವೃತ್ತಿಯ ತನಕ ಪೇಜ್‌ಮೇಕರ್ 6, 7ರ ಫೈಲ್ ತೆರೆಯುತ್ತಿತ್ತು, ಆಮೇಲಿನವು ತೆರೆಯುವುದಿಲ್ಲ. ನಿಮ್ಮ ಹಳೇ ಸಿಸ್ಟಮ್ ಓಡುತ್ತಿರುವಾಗಲೇ ಪ್ರತಿ ಪುಸ್ತಕಕ್ಕೂ ಒಂದು ಪಿಡಿಎಫ್ ಮಾಡಿ, ಬರಹವನ್ನು ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಿ. ಪುಟ ಹೇಗಿತ್ತು ಅನ್ನುವುದು ಪಿಡಿಎಫ್‌ನಲ್ಲಿ ಉಳಿಯುತ್ತದೆ, ಎಕ್ಸ್‌ಪೋರ್ಟ್ ಮಾಡಿದ್ದನ್ನು ಯೂನಿಕೋಡ್‌ಗೆ ತರಬಹುದು. ಆ ಸಿಸ್ಟಮನ್ನು ಇದು ಮುಗಿಯುವ ತನಕ ಗುಜರಿಗೆ ಹಾಕಬೇಡಿ.